ಮನೆ ಗೋಡೆಯ ಬಾವುಟ, ಬೀದಿ ಕಂಬದ ಬಾವುಟ

ಪ್ರಶ್ನೆ: ಕೆಲಸದ ಮೇಲೆ ಬೆಂಗಳೂರಿನಿಂದ ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಭಾಗದ ಪಟ್ಟಣವೊಂದಕ್ಕೆ ಬಂದು ಬಾಡಿಗೆ ಮನೆಯಲ್ಲಿದ್ದೇವೆ. ಎದುರು ಮನೆಯವರು ಪ್ಲಂಬರ್. ಮನೆ ಮುಂದೆ ಬಿಳಿ ವ್ಯಾನ್, ಮಹಡಿ ಕಿಟಕಿಯ ಕೆಳಗೆ ಬಿಳಿ ಬಟ್ಟೆಯ ಮೇಲೆ ಕೆಂಪು ಶಿಲುಬೆಯ ಬಾವುಟ. ಆಫೀಸಿನಲ್ಲಿ ಈ ವಿಷಯ ಎತ್ತಿದರೆ ಇಂಗ್ಲಿಷ್ ಸಹೋದ್ಯೋಗಿಗಳು ಒಂಥರಾ ನಗುತ್ತಾರೆ, 'ಹುಷಾರು' ಅನ್ನುತ್ತಾರೆ. ಆ ಪ್ಲಂಬರ್ ಮಾತ್ರ ನಮ್ಮೊಂದಿಗೆ ಚೆನ್ನಾಗಿಯೇ ಇದ್ದಾರೆ. ಈಚೆಗೆ ಮುಖ್ಯರಸ್ತೆಯ ದೀಪದ ಕಂಬಗಳಿಗೂ ಅದೇ ಬಾವುಟ ಕಟ್ಟಿದ್ದಾರೆ. ತಮ್ಮ ದೇಶದ ಬಾವುಟವನ್ನು ತಮ್ಮ ಮನೆ ಮೇಲೆ ಹಾರಿಸಿದರೆ ಇಲ್ಲಿ ಯಾಕಿಷ್ಟು ಗುಸುಗುಸು? ನಾವು ಹೆದರಬೇಕೆ? ಆಗಸ್ಟ್ 15ಕ್ಕೆ, ನವೆಂಬರ್ 1ಕ್ಕೆ ನಮ್ಮ ಬಾವುಟ ಹಾಕಬಹುದೆ?

ಉತ್ತರ: ಎದುರು ಮನೆಯ ಬಾವುಟಕ್ಕೆ ಹೆದರುವ ಕಾರಣವಿಲ್ಲ. ಕಂಬಗಳಿಗೆ ಕಟ್ಟಿದ ಬಾವುಟದ ಮಾತೇ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ. ಬಟ್ಟೆ ಒಂದೇ ಆದರೂ ಮಾಡಿದ ಕೆಲಸ ಎರಡು. ಒಬ್ಬ ಮನುಷ್ಯ ತನ್ನ ಗೋಡೆಗೆ ತಾನು ಕಟ್ಟಿಕೊಂಡಿದ್ದು ಒಂದು, ಎಲ್ಲರಿಗೂ ಸೇರಿದ ರಸ್ತೆಯಲ್ಲಿ ಯಾರೋ ಸಾಲಾಗಿ ಕಟ್ಟಿಹೋದದ್ದು ಇನ್ನೊಂದು. ನಿಮ್ಮ ಸಹೋದ್ಯೋಗಿಗಳ ನಗು ಈ ಎರಡನ್ನೂ ಒಂದೇ ಮೂಟೆಗೆ ಕಟ್ಟಿಬಿಡುತ್ತದೆ. ಆ ನಗುವಿನಲ್ಲಿ ರಾಜಕೀಯ ಸ್ವಲ್ಪ ಇದೆ, ಅಂತಸ್ತಿನ ದೊಡ್ಡಸ್ತಿಕೆ ಬಹಳ ಇದೆ.

ನೀವು ನೋಡಿದ್ದು ಸೇಂಟ್ ಜಾರ್ಜ್ ಬಾವುಟ, ಇಂಗ್ಲೆಂಡಿನದು. ಯೂನಿಯನ್ ಜಾಕ್ ಇಡೀ ಯುನೈಟೆಡ್ ಕಿಂಗ್‌ಡಮ್‌ಗೆ ಸೇರಿದ್ದು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಶಿಲುಬೆಗಳನ್ನು ಸೇರಿಸಿ 1606ರಲ್ಲಿ ಅದರ ಮೊದಲ ರೂಪ ಬಂತು, ಐರ್ಲೆಂಡಿನ ಸೇಂಟ್ ಪ್ಯಾಟ್ರಿಕ್ ಶಿಲುಬೆ ಸೇರಿ 1801ರಲ್ಲಿ ಈಗಿನ ರೂಪವಾಯಿತು. ಹಲವು ದಶಕ ಇಂಗ್ಲೆಂಡಿನ ಜನ ಈ ಎರಡರ ನಡುವೆ ಹೆಚ್ಚು ಭೇದ ಮಾಡುತ್ತಿರಲಿಲ್ಲ. 1966ರ ಫುಟ್‌ಬಾಲ್ ವಿಶ್ವಕಪ್ ಫೈನಲ್‌ನ ಚಿತ್ರಗಳನ್ನು ನೋಡಿ: ಇಂಗ್ಲೆಂಡ್ ಗೆದ್ದ ಆ ದಿನ ವೆಂಬ್ಲಿ ಮೈದಾನದ ತುಂಬ ಕಾಣುವುದು ಯೂನಿಯನ್ ಜಾಕ್. ಟೂರ್ನಿಯ ಸಿಂಹದ ಬೊಂಬೆಗೆ ತೊಡಿಸಿದ ಅಂಗಿಯೂ ಅದೇ. ಮೂವತ್ತು ವರ್ಷದ ಮೇಲೆ, 1996ರ ಯೂರೊ ಕಪ್‌ನಲ್ಲಿ ಅದೇ ವೆಂಬ್ಲಿಯಲ್ಲಿ ಸ್ಕಾಟ್ಲೆಂಡ್ ಎದುರಾಳಿಯಾಗಿ ಬಂದಾಗ ಇಬ್ಬರಿಗೂ ಸೇರಿದ ಬಾವುಟ ಹಿಡಿಯುವಂತಿರಲಿಲ್ಲ. ಆ ಬೇಸಿಗೆಯಲ್ಲಿ ಕೆಂಪು ಶಿಲುಬೆ ಸ್ಟೇಡಿಯಂಗಳನ್ನು ತುಂಬಿತು. 1999ರಲ್ಲಿ ಸ್ಕಾಟ್ಲೆಂಡಿಗೆ ಸಂಸತ್ತು, ವೇಲ್ಸ್‌ಗೆ ಅಸೆಂಬ್ಲಿ ಬಂದವು, ಇಂಗ್ಲೆಂಡಿಗೆ ಪ್ರತ್ಯೇಕವಾಗಿ ಏನೂ ಬರಲಿಲ್ಲ. ತಾನು ಇಂಗ್ಲಿಷ್ ಎಂದು ಹೇಳಿಕೊಳ್ಳಲು ಸಾಮಾನ್ಯ ಮನುಷ್ಯನ ಕೈಗೆ ಸಿಕ್ಕಿದ್ದು ಫುಟ್‌ಬಾಲ್ ಮತ್ತು ಈ ಬಾವುಟ. 2002ರ ವಿಶ್ವಕಪ್ ಹೊತ್ತಿಗೆ ಕಾರಿನ ಕಿಟಕಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೋಲಿನ ಪುಟ್ಟ ಬಾವುಟಗಳು ಎಲ್ಲೆಡೆ ಕಾಣತೊಡಗಿದವು. ಅಲ್ಲಿಂದ ಮನೆಯ ಗೋಡೆಗೆ ಬರಲು ತಡವಾಗಲಿಲ್ಲ.

ಇನ್ನು ನಗುವಿನ ಮಾತು. ಇದೇ ಬಟ್ಟೆ ಏಪ್ರಿಲ್ 23ರ ಸೇಂಟ್ ಜಾರ್ಜ್ ದಿನದಂದು ಹಳ್ಳಿ ಚರ್ಚಿನ ಗೋಪುರದ ಮೇಲೆ ಹಾರುತ್ತದೆ. ಯಾರೂ ನಗುವುದಿಲ್ಲ. ರಾಣಿಯ ಜುಬಿಲಿ, ರಾಜನ ಪಟ್ಟಾಭಿಷೇಕ ಎಂದರೆ ಅನುಕೂಲಸ್ಥರ ಬೀದಿಗಳಲ್ಲೂ ಯೂನಿಯನ್ ಜಾಕ್ ತೋರಣ ಕಟ್ಟಿ, ರಸ್ತೆಯಲ್ಲೇ ಮೇಜು ಹಾಕಿ ಕೇಕ್ ತಿನ್ನುತ್ತಾರೆ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಪ್ರಾಮ್ಸ್ ಸಂಗೀತೋತ್ಸವದ ಕಡೆಯ ರಾತ್ರಿ ಸೂಟು ತೊಟ್ಟವರು ಬಾವುಟ ಬೀಸುತ್ತ ಹಾಡುತ್ತಾರೆ. 2022ರಿಂದ ಎಷ್ಟೋ ಮನೆಗಳಲ್ಲಿ ಉಕ್ರೇನಿನ ನೀಲಿ ಹಳದಿ ಬಾವುಟ ಇದೆ. ಬ್ರೆಕ್ಸಿಟ್ ಜಗಳದ ವರ್ಷಗಳಲ್ಲಿ ವಿದ್ಯಾವಂತರ ಕಿಟಕಿಗಳಲ್ಲಿ ಯುರೋಪಿಯನ್ ಒಕ್ಕೂಟದ ನಕ್ಷತ್ರಗಳಿದ್ದವು. ಇವೆಲ್ಲ 'ಅಭಿರುಚಿ', 'ಕಾಳಜಿ'. ಹರಳು ಗಾರೆ ಮೆತ್ತಿದ ಸಾಲು ಮನೆಯ ಮೇಲೆ, ವ್ಯಾನಿನ ಪಕ್ಕದಲ್ಲಿ, ಬಾವುಟ ಕಂಡಾಗ ಮಾತ್ರ ಹುಬ್ಬು ಏರುತ್ತದೆ. ಹಾಗಾದರೆ ಅವರು ನಗುತ್ತಿರುವುದು ಬಾವುಟ ಕಂಡಲ್ಲ, ಅದನ್ನು ಕಟ್ಟಿರುವ ಗೋಡೆಯನ್ನು ಕಂಡು.

ಇಲ್ಲಿ ಅಂತಸ್ತು ಬರೀ ದುಡ್ಡಿನಿಂದ ತೀರ್ಮಾನವಾಗುವುದಿಲ್ಲ ಎಂಬುದನ್ನು ಹೊಸದಾಗಿ ಬಂದವರು ತಿಳಿದಿರಬೇಕು. ಸ್ವಂತ ಕೆಲಸ ಮಾಡುವ ನಿಮ್ಮ ಪ್ಲಂಬರ್, ನಿಮ್ಮ ಪಕ್ಕದ ಮೇಜಿನ ಪದವೀಧರನಿಗಿಂತ ಹೆಚ್ಚು ದುಡಿಯುತ್ತಿರಬಹುದು. ಮಾತಿನ ಧಾಟಿ, ಓದಿದ ಶಾಲೆ, ರಾತ್ರಿ ಊಟಕ್ಕೆ ಯಾವ ಹೆಸರಿಡುತ್ತಾರೆ, ಮನೆ ಮುಂದೆ ಹೂಗಿಡವೋ ಹಾಸುಗಲ್ಲೋ, ಇವುಗಳಿಂದ ವರ್ಗವನ್ನು ಅಳೆಯುತ್ತಾರೆ. ಹಾಸುಗಲ್ಲು ಹಾಕುವುದಕ್ಕೆ ಕಾರಣವಿರುತ್ತದೆ: ಕೊಳಾಯಿ ಕೆಲಸದವರ, ಎಲೆಕ್ಟ್ರಿಷಿಯನ್‌ಗಳ ಉಪಕರಣವೆಲ್ಲ ವ್ಯಾನಿನಲ್ಲಿರುತ್ತದೆ, ಅದನ್ನು ಕದಿಯುವ ಕಳ್ಳರ ಕಾಟ ದೇಶದ ತುಂಬ ಇದೆ, ಹಾಗಾಗಿ ವ್ಯಾನು ಕಣ್ಣೆದುರು, ಕಿಟಕಿಯ ಕೆಳಗೇ ನಿಲ್ಲಬೇಕು. 'ಬಿಳಿ ವ್ಯಾನಿನ ಮನುಷ್ಯ' ಎಂಬುದು 1990ರ ದಶಕದ ಕೊನೆಯಿಂದ ಪತ್ರಿಕೆಗಳಲ್ಲಿ ಒಂದು ಅಚ್ಚಾಗಿಬಿಟ್ಟಿದೆ: ಒರಟ, ಅವಸರದವನು, ವಲಸಿಗರನ್ನು ಕಂಡರಾಗದವನು. ಲಕ್ಷಾಂತರ ಕುಶಲಕರ್ಮಿಗಳನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವ ಈ ಅಭ್ಯಾಸ ಕೆಟ್ಟದ್ದು. ನಿಮ್ಮಂಥ ವಲಸಿಗರಿಗೆ ಅದು ಇನ್ನೂ ಕೆಟ್ಟದ್ದು ಮಾಡುತ್ತದೆ, ಏಕೆಂದರೆ ಒಳ್ಳೆಯ ನೆರೆಯವರನ್ನು ಮಾತಾಡಿಸುವ ಮೊದಲೇ ದೂರ ಇಡುವಂತೆ ಕಲಿಸುತ್ತದೆ.

ಇನ್ನೊಂದು ಮಾತು ನಿಮ್ಮ ಕಿವಿಗೆ ಬೀಳಬಹುದು: 'ಸೇಂಟ್ ಜಾರ್ಜ್ ಇಂಗ್ಲೆಂಡಿಗೆ ಬಂದವನೇ ಅಲ್ಲ, ಈಗಿನ ತುರ್ಕಿಯ ಕಡೆಯವನು.' ಸಂತನು ಇಂಗ್ಲೆಂಡಿನ ನೆಲ ತುಳಿದಿರಲಿಲ್ಲ ಎನ್ನುವುದು ಸರಿ, ಮೂಲವನ್ನು ಕಪಡೋಕಿಯಕ್ಕೆ ಹೇಳುವ ಪರಂಪರೆಯೂ ಇದೆ. ಆದರೆ ಈ ಮಾತು ಬರುವ ಸಂದರ್ಭ ಗಮನಿಸಿ. ಬಹಳಷ್ಟು ಸಲ ಅದನ್ನು ತಿಳಿವಳಿಕೆ ಹಂಚಲು ಹೇಳುವುದಿಲ್ಲ, 'ನಿನಗೆ ಇಷ್ಟೂ ಗೊತ್ತಿಲ್ಲ' ಎಂದು ಬಾವುಟ ಹಿಡಿದವನ ಬಾಯಿ ಮುಚ್ಚಿಸಲು ಹೇಳುತ್ತಾರೆ. ಚರ್ಚಿನ ಗೋಪುರದ ಕೆಳಗೆ ನಿಂತು ಪಾದ್ರಿಗೆ ಅದನ್ನು ಹೇಳುವವರು ಕಡಿಮೆ.

ಒಂದು ಫೋಟೊದ ಬೆಲೆ

ಈ ವಿಷಯ ಬಂದಾಗಲೆಲ್ಲ ಇಂಗ್ಲೆಂಡಿನವರು ನೆನೆಯುವ ಪ್ರಸಂಗ ಒಂದಿದೆ. 2014ರ ನವೆಂಬರ್ 20, ಕೆಂಟ್‌ನ ರೋಚೆಸ್ಟರ್ ಅಂಡ್ ಸ್ಟ್ರೂಡ್ ಕ್ಷೇತ್ರದಲ್ಲಿ ಉಪಚುನಾವಣೆಯ ಮತದಾನ. ಕನ್ಸರ್ವೇಟಿವ್ ಸಂಸದರಾಗಿದ್ದ ಮಾರ್ಕ್ ರೆಕ್‌ಲೆಸ್, ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡಬೇಕೆನ್ನುತ್ತಿದ್ದ ಯುಕಿಪ್ ಪಕ್ಷಕ್ಕೆ ಹಾರಿ, ರಾಜೀನಾಮೆ ಕೊಟ್ಟು ಮತ್ತೆ ಕಣಕ್ಕಿಳಿದಿದ್ದರು. ಲೇಬರ್ ಪಕ್ಷದ ಪ್ರಚಾರಕ್ಕೆ ಹೋಗಿದ್ದ ಸಂಸದೆ ಎಮಿಲಿ ಥಾರ್ನ್‌ಬೆರಿ ಸ್ಟ್ರೂಡ್‌ನ ಒಂದು ಮನೆಯ ಫೋಟೊ ತೆಗೆದು ಟ್ವಿಟರ್‌ನಲ್ಲಿ ಹಾಕಿದರು. ಮುಂಭಾಗದಲ್ಲಿ ಮೂರು ಇಂಗ್ಲೆಂಡ್ ಬಾವುಟ, ಅಂಗಳದಲ್ಲಿ ಬಿಳಿ ವ್ಯಾನ್. ಬರೆದದ್ದು ರೋಚೆಸ್ಟರ್‌ನ ಚಿತ್ರ ಎಂಬಷ್ಟೇ ಅರ್ಥದ ಎರಡು ಮೂರು ಪದ. ಒಂದು ಬೈಗುಳವಿಲ್ಲ, ಒಂದು ಟೀಕೆಯಿಲ್ಲ. ಆದರೂ ಅದೇ ರಾತ್ರಿ ಅವರು ವಿರೋಧ ಪಕ್ಷದ ನೆರಳು ಸಂಪುಟದ ಅಟಾರ್ನಿ ಜನರಲ್ ಸ್ಥಾನ ಬಿಡಬೇಕಾಯಿತು.

ಟೀಕೆಯೇ ಇಲ್ಲದ ಚಿತ್ರ ಏಕೆ ಅಷ್ಟು ಚುಚ್ಚಿತು? ಏನು ಹೇಳಲು ಹೊರಟಿದ್ದಾರೆ ಎಂಬುದು ನೋಡಿದ ಪ್ರತಿಯೊಬ್ಬ ಇಂಗ್ಲಿಷ್ ಮನುಷ್ಯನಿಗೂ ಮೊದಲೇ ಗೊತ್ತಿತ್ತು. ಬಾವುಟ, ವ್ಯಾನು, ಆ ಬಗೆಯ ಮನೆ, ಚಿತ್ರ ತೆಗೆದವರು ಲಂಡನ್ನಿನ ಇಸ್ಲಿಂಗ್ಟನ್ ಸಂಸದೆ. ಇಸ್ಲಿಂಗ್ಟನ್ ಎಂದರೆ ಅನುಕೂಲಸ್ಥ ಎಡಪಂಥೀಯರ ಬೀಡು ಎಂಬುದು ಅಲ್ಲಿನ ರಾಜಕೀಯದ ಹಳೆಯ ರೂಢಿಮಾತು. ಪದಗಳಿಲ್ಲದಿದ್ದರೂ ನಗು ಕೇಳಿಸಿತು. ಥಾರ್ನ್‌ಬೆರಿ ಸ್ವತಃ ಗಿಲ್ಡ್‌ಫರ್ಡ್‌ನ ಕೌನ್ಸಿಲ್ ಬಡಾವಣೆಯಲ್ಲಿ, ಅಂದರೆ ಸರ್ಕಾರಿ ಬಾಡಿಗೆ ಮನೆಯಲ್ಲಿ ಬೆಳೆದವರು. ಅದು ಅವರ ಸಹಾಯಕ್ಕೆ ಬರಲಿಲ್ಲ. ಬಡತನದಿಂದ ಮೇಲೆ ಬಂದು, ವಕೀಲೆಯಾಗಿ, ಮುಂದೆ ಹೈಕೋರ್ಟ್ ನ್ಯಾಯಾಧೀಶರಾದವರನ್ನು ಮದುವೆಯಾದವರು ಬಿಟ್ಟುಬಂದ ಬೀದಿಯತ್ತ ಕ್ಯಾಮೆರಾ ತಿರುಗಿಸಿದರು ಎಂದೇ ಜನ ಓದಿದರು. ಅವರ ಮನಸ್ಸಿನಲ್ಲಿ ತಿರಸ್ಕಾರ ಇತ್ತೋ ಇಲ್ಲವೋ, ಆ ಓದು ಸಿದ್ಧವಾಗಿತ್ತು.

ಆ ಮನೆಯವರು ಹೇಳಿದ್ದೇನು? ಬಾವುಟ ಕಟ್ಟಿದ್ದು ಆ ವರ್ಷದ ವಿಶ್ವಕಪ್‌ಗೆ, ಹಾಗೇ ಬಿಟ್ಟಿದ್ದೇನೆ ಎಂದು. ಉಪಚುನಾವಣೆ ನಡೆಯುತ್ತಿರುವುದೇ ಅವರಿಗೆ ಗೊತ್ತಿರಲಿಲ್ಲ. ರಾಜಕೀಯದವರಿಬ್ಬರೂ, ನಕ್ಕವರೂ ಬೆನ್ನಿಗೆ ನಿಂತವರೂ, ಫುಟ್‌ಬಾಲ್ ಬಾವುಟದ ಮೇಲೆ ತಮ್ಮ ತಮ್ಮ ಅರ್ಥ ಹೇರಿದ್ದರು. ಈ ಒಂದು ವಿವರ ನಿಮ್ಮ ಎದುರು ಮನೆಗೂ ಅನ್ವಯಿಸುತ್ತದೆ.

ರೆಕ್‌ಲೆಸ್ 2,920 ಮತಗಳ ಅಂತರದಲ್ಲಿ ಗೆದ್ದರು, ಲೇಬರ್ ಮೂರನೆಯ ಸ್ಥಾನಕ್ಕೆ ಹೋಯಿತು. ಸ್ಟ್ರೂಡ್ ಇದ್ದ ಹಿಂದಿನ ಮೆಡ್‌ವೇ ಕ್ಷೇತ್ರ 1997ರಿಂದ 2010ರವರೆಗೆ ಲೇಬರ್ ಕೈಯಲ್ಲೇ ಇತ್ತು ಎನ್ನುವುದನ್ನು ಸೇರಿಸಿಕೊಂಡು ನೋಡಿದರೆ ಸಿಟ್ಟಿನ ಬೇರು ಕಾಣುತ್ತದೆ. ಪಕ್ಕದ ಚಾಟಮ್ ನೌಕಾ ಕಾರ್ಖಾನೆ 1984ರಲ್ಲಿ ಮುಚ್ಚಿದ ಸೀಮೆ ಅದು. ಈ ಜನರ ಮತ ತಮ್ಮದೇ ಎಂದುಕೊಂಡಿದ್ದ ಪಕ್ಷ, ಅವರ ಮನೆಯ ಮುಂದೆ ಪ್ರವಾಸಿಯ ಹಾಗೆ ನಿಂತು ಚಿತ್ರ ತೆಗೆಯಿತು. 2010ರ ಏಪ್ರಿಲ್‌ನಲ್ಲಿ ರಾಚ್‌ಡೇಲ್‌ನಲ್ಲಿ ಆಗಿನ ಲೇಬರ್ ಪ್ರಧಾನಿ ಗಾರ್ಡನ್ ಬ್ರೌನ್, ವಲಸೆಯ ಬಗ್ಗೆ ಪ್ರಶ್ನೆ ಕೇಳಿದ ಲೇಬರ್ ಬೆಂಬಲಿಗ ವೃದ್ಧೆಯೊಬ್ಬರನ್ನು ಕಾರಿನೊಳಗೆ ಕೂತು ಪೂರ್ವಗ್ರಹದ ಹೆಂಗಸು ಎಂಬರ್ಥದಲ್ಲಿ ಜರೆದದ್ದು, ಅಂಗಿಗೆ ಸಿಕ್ಕಿಸಿದ ಮೈಕ್ ಚಾಲೂ ಇದ್ದುದರಿಂದ ಅದು ಇಡೀ ದೇಶಕ್ಕೆ ಕೇಳಿಸಿದ್ದು, ಆ ಗಾಯ ಆಗಿನ್ನೂ ಹಸಿಯಾಗಿತ್ತು.

ಆ ಮೇಲೆ ಬಾವುಟ ರಾಜಕಾರಣಿಗಳ ಪರೀಕ್ಷೆಯ ವಸ್ತುವಾಯಿತು. 2021ರ ಮಾರ್ಚ್‌ನಲ್ಲಿ ಸಚಿವ ರಾಬರ್ಟ್ ಜೆನ್ರಿಕ್ ಬಿಬಿಸಿಯ ಬೆಳಗಿನ ಕಾರ್ಯಕ್ರಮಕ್ಕೆ ಕಚೇರಿಯಿಂದ ಮಾತಾಡಿದಾಗ ಹಿಂದೆ ದೊಡ್ಡ ಯೂನಿಯನ್ ಜಾಕ್ ಇತ್ತು. ನಿರೂಪಕರು ಅದರ ಗಾತ್ರದ ಬಗ್ಗೆ ತಮಾಷೆ ಮಾಡಿ ನಕ್ಕದ್ದೇ ದೊಡ್ಡ ಜಗಳವಾಯಿತು. ಅದೇ ತಿಂಗಳು ಸರ್ಕಾರಿ ಕಟ್ಟಡಗಳ ಮೇಲೆ ಪ್ರತಿದಿನ ಬಾವುಟ ಹಾರಿಸಬೇಕೆಂಬ ಮಾರ್ಗಸೂಚಿ ಬಂತು. ಲೇಬರ್ ಪಕ್ಷವೂ 2022ರ ಲಿವರ್‌ಪೂಲ್ ಸಮಾವೇಶವನ್ನು ರಾಷ್ಟ್ರಗೀತೆಯಿಂದ ಶುರುಮಾಡಿತು. ದೊಡ್ಡ ಮನೆಗಳಲ್ಲಿ ಬೆಳೆದ, ಖರ್ಚಿನ ಶಾಲೆಗಳಲ್ಲಿ ಓದಿದ ಎಷ್ಟೋ ನಾಯಕರಿಗೆ ಬಾವುಟ ಈಗ ಅಗ್ಗದ ದಾರಿ: ಕೌನ್ಸಿಲ್ ಬಡಾವಣೆಯ ಮನೆ ಸೋರುವುದನ್ನು ಸರಿಮಾಡದೆಯೇ ಅಲ್ಲಿನವರ ಕಡೆಯವನು ಎನಿಸಿಕೊಳ್ಳಬಹುದು. ನನ್ನ ದೃಷ್ಟಿಯಲ್ಲಿ ಇದೂ ತಿರಸ್ಕಾರದ ಇನ್ನೊಂದು ಮುಖವೇ.

ಹೆದರಿಕೆ ಸುಳ್ಳಲ್ಲ

ನಗುವವರು ತಪ್ಪು ಎಂದ ಮಾತ್ರಕ್ಕೆ ಹೆದರುವವರು ತಪ್ಪು ಎಂದಾಗುವುದಿಲ್ಲ. ಇಂಗ್ಲೆಂಡಿನಲ್ಲಿ ಈ ಎರಡನ್ನೂ ಬೆರೆಸುವುದು ರೂಢಿ. ಏಷ್ಯಾ ಮೂಲದವರೊಬ್ಬರು ಸಾಲು ಬಾವುಟ ಕಂಡು ಎದೆ ಝಲ್ಲೆಂದಿತು ಎಂದರೆ 'ನೀವೂ ದುಡಿಯುವವರನ್ನು ಕೀಳಾಗಿ ಕಾಣುತ್ತೀರಿ' ಎಂಬ ಉತ್ತರ ಬರುತ್ತದೆ. ಇದು ಅನ್ಯಾಯ. 1967ರಲ್ಲಿ ಹುಟ್ಟಿದ, ವಲಸಿಗರನ್ನು ವಿರೋಧಿಸುವ ತೀವ್ರ ಬಲಪಂಥೀಯ ಪಕ್ಷ ನ್ಯಾಷನಲ್ ಫ್ರಂಟ್ 1970ರ ದಶಕದುದ್ದಕ್ಕೂ ಯೂನಿಯನ್ ಜಾಕ್ ಹಿಡಿದು ವಲಸಿಗರು ಹೆಚ್ಚಿದ್ದ ಬೀದಿಗಳಲ್ಲಿ ಮೆರವಣಿಗೆ ಮಾಡಿತು. ಪಂಜಾಬಿಗಳ ಊರೇ ಆಗಿದ್ದ ಲಂಡನ್ನಿನ ಸೌತಾಲ್‌ನಲ್ಲಿ ಅದರ ಸಭೆ ಇಟ್ಟುಕೊಂಡದ್ದು 1979ರ ಏಪ್ರಿಲ್ 23ರಂದು, ಸೇಂಟ್ ಜಾರ್ಜ್ ದಿನವೇ. ಅದನ್ನು ವಿರೋಧಿಸಿದ ಜನರ ನಡುವಿದ್ದ ಶಿಕ್ಷಕ ಬ್ಲೇರ್ ಪೀಚ್ ತಲೆಗೆ ಬಿದ್ದ ಏಟಿನಿಂದ ಸತ್ತರು. ಅವರನ್ನು ಹೊಡೆದದ್ದು ಬಹುಶಃ ಪೊಲೀಸ್ ಅಧಿಕಾರಿಯೇ ಎಂಬ ಒಳತನಿಖೆಯ ವರದಿ ಹೊರಬಿದ್ದದ್ದು 2010ರಲ್ಲಿ. 2009ರಲ್ಲಿ ಲೂಟನ್‌ನಲ್ಲಿ ಶುರುವಾದ ಮುಸ್ಲಿಂ ವಿರೋಧಿ ಸಂಘಟನೆ ಇಂಗ್ಲಿಷ್ ಡಿಫೆನ್ಸ್ ಲೀಗ್ ಯೂನಿಯನ್ ಜಾಕ್ ಬದಲಿಗೆ ಸೇಂಟ್ ಜಾರ್ಜ್ ಶಿಲುಬೆಯನ್ನು ಎತ್ತಿಕೊಂಡಿತು. 2024ರ ಆಗಸ್ಟ್‌ನಲ್ಲಿ ಸೌತ್‌ಪೋರ್ಟ್ ಊರಿನಲ್ಲಿ ಮೂವರು ಬಾಲಕಿಯರ ಕೊಲೆಯಾದ ಬೆನ್ನಿಗೆ ಗಲಭೆ ಹಬ್ಬಿ, ರಾದರಂ ಬಳಿ ಆಶ್ರಯ ಕೋರಿ ಬಂದವರಿದ್ದ ಹೋಟೆಲಿಗೆ ಬೆಂಕಿ ಇಡಲು ನೋಡಿದರು. ಆ ದಿನಗಳ ಗುಂಪುಗಳ ಕೈಯಲ್ಲೂ ಈ ಬಾವುಟಗಳಿದ್ದವು. ಇದನ್ನೆಲ್ಲ ಕಂಡ ಹಿರಿಯರಿಗೆ ಬಾವುಟ ಬರೀ ಬಟ್ಟೆಯಾಗಿ ಕಾಣದಿದ್ದರೆ ಅವರ ತಪ್ಪೇನು?

ಕಂಬಗಳ ಕತೆ 2025ರ ಬೇಸಿಗೆಯದು. ಬರ್ಮಿಂಗ್‌ಹ್ಯಾಮ್‌ನ ವೀಲಿ ಕಾಸಲ್, ನಾರ್ತ್‌ಫೀಲ್ಡ್ ಕಡೆ ರಸ್ತೆ ಕಂಬಗಳಿಗೆ ಬಾವುಟ ಕಟ್ಟುವುದು ಶುರುವಾಗಿ, 'ಆಪರೇಷನ್ ರೈಸ್ ದ ಕಲರ್ಸ್' ಎಂಬ ಹೆಸರಿನಲ್ಲಿ ದೇಶಕ್ಕೆ ಹರಡಿತು. ಮಿನಿ ರೌಂಡಬೌಟ್‌ಗಳ ಬಿಳಿ ವೃತ್ತದ ಮೇಲೆ ಕೆಂಪು ಶಿಲುಬೆ ಬಳಿದರು. ಇದು ಎಲ್ಲಿ ಶುರುವಾಯಿತು ಎಂಬುದು ಮುಖ್ಯ. ನಾರ್ತ್‌ಫೀಲ್ಡ್ ಪಕ್ಕದ ಲಾಂಗ್‌ಬ್ರಿಜ್‌ನಲ್ಲಿ ಎಂಜಿ ರೋವರ್ ಕಾರು ಕಾರ್ಖಾನೆ 2005ರಲ್ಲಿ ಮುಚ್ಚಿ ಸುಮಾರು 6,000 ಜನ ಕೆಲಸ ಕಳೆದುಕೊಂಡರು. 2023ರಲ್ಲಿ ನಗರದ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ದಿವಾಳಿಗೆ ಸಮನಾದ ನೋಟಿಸ್ ಹೊರಡಿಸಿತು, 2025ರಲ್ಲಿ ಕಸ ಎತ್ತುವವರ ಮುಷ್ಕರದಿಂದ ಬೀದಿಯಲ್ಲಿ ಕಸದ ರಾಶಿ ಬಿತ್ತು. ಕಸ ಎತ್ತಲಾಗದ ಕೌನ್ಸಿಲ್ ಬಾವುಟ ಇಳಿಸುತ್ತೇನೆ ಎಂದಾಗ ಜನ ಹೇಗೆ ಕೇಳಿಸಿಕೊಂಡಿರಬೇಕು ಊಹಿಸಿ. ಅದೇ ಬೇಸಿಗೆ ಎಪಿಂಗ್‌ನ ಬೆಲ್ ಹೋಟೆಲ್ ಮುಂದೆ ಆಶ್ರಯ ಕೋರಿದವರ ವಿರುದ್ಧ ಪ್ರತಿಭಟನೆ ನಡೆಯುತ್ತಿತ್ತು, ಜುಲೈ 27ರಂದು ಇಂಗ್ಲೆಂಡ್ ಮಹಿಳಾ ತಂಡ ಯೂರೊ ಕಪ್ ಗೆದ್ದಿತ್ತು, ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ವಲಸೆ ತಡೆಯಬೇಕೆನ್ನುವ ರಿಫಾರ್ಮ್ ಪಕ್ಷ 677 ಸ್ಥಾನ ಗೆದ್ದು ಹತ್ತು ಕೌನ್ಸಿಲ್ ಹಿಡಿದಿತ್ತು. ಒಂದೇ ಕಂಬದ ಬಾವುಟದ ಹಿಂದೆ ಹೆಮ್ಮೆ, ಫುಟ್‌ಬಾಲ್, ಕೌನ್ಸಿಲ್ ಮೇಲಿನ ಸಿಟ್ಟು, ವಲಸಿಗರ ಮೇಲಿನ ದ್ವೇಷ ಎಲ್ಲವೂ ಇರಬಹುದು, ಕಟ್ಟಿದ ಕೈ ಯಾವುದೆಂಬುದರ ಮೇಲೆ ಹೋಗುತ್ತದೆ. ಜೆನ್ರಿಕ್ ಕೂಡ ಆಗಸ್ಟ್‌ನಲ್ಲಿ ತಮ್ಮ ಕ್ಷೇತ್ರ ನ್ಯೂವಾರ್ಕ್‌ನಲ್ಲಿ ಬಾವುಟ ಏರಿಸುವ ಚಿತ್ರ ಹಾಕಿಕೊಂಡರು.

ಕಂಬಕ್ಕೆ ಕಟ್ಟಿದಾಗ ತೊಂದರೆ ಏನೆಂದರೆ, ಅದು ಒಬ್ಬರ ಮಾತಾಗಿ ಉಳಿಯುವುದಿಲ್ಲ, ಇಡೀ ಬೀದಿಯ ಮಾತು ಎನಿಸಿಕೊಳ್ಳುತ್ತದೆ. ಉತ್ತರ ಐರ್ಲೆಂಡಿನಲ್ಲಿ ದಶಕಗಳಿಂದ ಕಂಬದ ಬಾವುಟ, ಬಣ್ಣ ಬಳಿದ ಪಾದಚಾರಿ ಅಂಚುಗಳು 'ಇದು ಯಾರ ಪ್ರದೇಶ' ಎಂದು ಹೇಳುವ ಗುರುತುಗಳು. ಇಂಗ್ಲೆಂಡಿನಲ್ಲಿ ಆ ಸಂಪ್ರದಾಯ ಇರಲಿಲ್ಲ, ಬಾರದಿದ್ದರೇ ಒಳ್ಳೆಯದು.

ನಿಮ್ಮ ರಸ್ತೆಯದನ್ನು ಓದಲು ಕೆಲವು ಗುರುತು ಹೇಳುತ್ತೇನೆ. ಬಿಸಿಲು ಮಳೆಗೆ ಬಣ್ಣ ಮಾಸಿ ತುದಿ ಎಳೆಬಿಟ್ಟ ಬಾವುಟ ಹಿಂದಿನ ಟೂರ್ನಿಯಿಂದ ಉಳಿದದ್ದು. ಶಿಲುಬೆಯ ಅಡ್ಡಪಟ್ಟಿಯ ಮೇಲೆ ಊರಿನ ಹೆಸರೋ ಕ್ಲಬ್ಬಿನ ಹೆಸರೋ ಬರೆದಿದ್ದರೆ ಅವರು ಪಂದ್ಯಕ್ಕೆ ಹೋಗುವವರು. ಹಬ್ಬದ ತೋರಣದ ಜೊತೆಗಿದ್ದರೆ ಎರಡನೇ ಮಹಾಯುದ್ಧದ ವಿಜಯ ದಿನ, ಜುಬಿಲಿಗಳ ಶೇಷ. ಒಂದೇ ಅಳತೆಯ ಹೊಸ ಬಾವುಟಗಳು, ಒಂದೇ ಎತ್ತರದಲ್ಲಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಒಂದೇ ರಾತ್ರಿಯಲ್ಲಿ ಬಂದಿದ್ದರೆ ಗುಂಪೊಂದು ಯೋಜನೆ ಹಾಕಿ ಮಾಡಿದ್ದು. ಅದರಲ್ಲೂ ಮಸೀದಿ, ಆಶ್ರಯ ಹೋಟೆಲ್, ಏಷ್ಯನ್ ಅಂಗಡಿ ಸಾಲಿನ ಎದುರಿಗೇ ಬಂದಿದ್ದರೆ, ಪಕ್ಕದಲ್ಲಿ ಗೋಡೆಬರಹವಿದ್ದರೆ, ಸಂದೇಶ ಸ್ಪಷ್ಟ.

ಕಾನೂನು ಇಲ್ಲಿ ಸಾಕಷ್ಟು ಸ್ಪಷ್ಟವಿದೆ. ರಸ್ತೆಯ ಕಂಬ ಹೈವೇ ಪ್ರಾಧಿಕಾರದ ಸ್ವತ್ತು, ಬಹುತೇಕ ಕಡೆ ಅದು ಕೌನ್ಸಿಲ್. ಅನುಮತಿಯಿಲ್ಲದೆ ಕಂಬಕ್ಕೆ ಏನಾದರೂ ಅಂಟಿಸುವುದು, ರಸ್ತೆಯ ಮೇಲೆ ಬಣ್ಣ ಬಳಿಯುವುದು 1980ರ ಹೈವೇಸ್ ಕಾಯ್ದೆಯ 132ನೇ ಕಲಮಿನಡಿ ಅಪರಾಧ. ಕೌನ್ಸಿಲ್ ಸುರಕ್ಷತೆಯ ಮಾತಾಡಿದರೆ ಅದು ಬರೀ ನೆಪ ಎಂದುಕೊಳ್ಳಬೇಡಿ. ಉಕ್ಕಿನ ಕಂಬದ ಲೆಕ್ಕಾಚಾರವನ್ನು ಕಂಬಕ್ಕೂ ದೀಪದ ತಲೆಗೂ ಬೀಳುವ ಗಾಳಿಗೆ ಮಾಡಿರುತ್ತಾರೆ. ಮೇಲೆ ಒಂದೂವರೆ ಚದರ ಮೀಟರ್ ಬಟ್ಟೆ ಕಟ್ಟಿದರೆ ಬಿರುಗಾಳಿಯಲ್ಲಿ ಬುಡದ ಮೇಲೆ ಬಾಗಿಸುವ ಒತ್ತಡ ಹೆಚ್ಚುತ್ತದೆ, ಹಳೆಯ ಕಂಬಗಳು ತುಕ್ಕು ಹಿಡಿಯುವುದೂ ನೆಲಮಟ್ಟದ ಆ ಬುಡದಲ್ಲೇ. ಕ್ರಿಸ್‌ಮಸ್ ದೀಪಕ್ಕೂ ಹೂಬುಟ್ಟಿಗೂ ಕೌನ್ಸಿಲ್‌ಗಳು ಮೊದಲೇ ಭಾರ ಪರೀಕ್ಷಿಸುವುದು ಇದಕ್ಕೇ. ರೌಂಡಬೌಟ್ ಮೇಲೆ ಬಳಿದ ಸಾಮಾನ್ಯ ಬಣ್ಣ ಮಳೆಯಲ್ಲಿ ಜಾರುತ್ತದೆ, ಬೈಕಿನವರು ಬೀಳುತ್ತಾರೆ.

ಕೌನ್ಸಿಲ್‌ಗಳು ಎಡವುವುದು ಇನ್ನೊಂದು ಕಡೆ. ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್‌ನಲ್ಲಿ ಪ್ಯಾಲೆಸ್ಟೀನ್ ಬಾವುಟಗಳು ಕಂಬದ ಮೇಲೆ ತಿಂಗಳುಗಟ್ಟಲೆ ಇದ್ದವು, 2024ರಲ್ಲಿ ಇಳಿಸಿದರು. ಮರು ವರ್ಷ ಸೇಂಟ್ ಜಾರ್ಜ್ ಬಾವುಟ ಇಳಿಸಲು ಹೊರಟಾಗ 'ನಮ್ಮದಕ್ಕೆ ಮಾತ್ರ ಅವಸರವೇ' ಎಂಬ ಕೂಗು ಎದ್ದಿತು. ಯಾವ ಬಾವುಟವೇ ಆಗಲಿ, ಕಂಬದಿಂದ ಒಂದೇ ಗಡುವಿನಲ್ಲಿ ಇಳಿಸುವ ನಿಯಮ ಮೊದಲಿನಿಂದಲೂ ಪಾಲಿಸಿದ ಕೌನ್ಸಿಲ್‌ಗೆ ಮಾತ್ರ ಜನರ ಮುಂದೆ ತಲೆಯೆತ್ತಿ ಮಾತಾಡಲು ಸಾಧ್ಯ.

ನೀವಾಗಿ ಏಣಿ ಹಾಕಿ ಬಾವುಟ ಇಳಿಸಲು ಹೋಗಬೇಡಿ. ಬಿದ್ದರೆ ಕಾಲು ಮುರಿಯುತ್ತದೆ, ಯಾರಾದರೂ ವಿಡಿಯೊ ಮಾಡಿದರೆ ಇನ್ನೂ ದೊಡ್ಡ ತಲೆನೋವು. ಕೌನ್ಸಿಲ್ ಜಾಲತಾಣದಲ್ಲಿ ರಸ್ತೆ ದೋಷ ವರದಿ ಮಾಡುವ ಪುಟವಿರುತ್ತದೆ, ಕಂಬದ ಮೇಲಿನ ಸಂಖ್ಯೆ ಸಮೇತ ಅಲ್ಲಿ ಬರೆಯಿರಿ. ಬಾವುಟ ಹಾರಿಸುವುದು ತಾನಾಗಿ ದ್ವೇಷಾಪರಾಧವಲ್ಲ. ಜೊತೆಗೆ ಬೈಗುಳ, ಬೆದರಿಕೆ, ನಿಮ್ಮ ಮನೆ ಗೋಡೆಗೆ ಬಣ್ಣ, ಇವು ನಡೆದರೆ ಫೋಟೊ ತೆಗೆದು, ದಿನ ಸಮಯ ಬರೆದಿಟ್ಟುಕೊಂಡು 101ಕ್ಕೆ ಕರೆಮಾಡಿ, ಆ ಕ್ಷಣವೇ ಅಪಾಯವಿದ್ದರೆ 999ಕ್ಕೆ. ಜನಾಂಗದ ಕಾರಣಕ್ಕೆ ಮಾಡಿದ ಹಲ್ಲೆ, ಕಿರುಕುಳ, ಹಾನಿಗೆ 1998ರ ಕ್ರೈಂ ಅಂಡ್ ಡಿಸಾರ್ಡರ್ ಕಾಯ್ದೆಯಡಿ ಹೆಚ್ಚಿನ ಶಿಕ್ಷೆ ಇದೆ. ದೂರು ಕೊಡುವಾಗ ಬಾವುಟದಿಂದ ಶುರುಮಾಡದೆ ನಡೆದ ಕೃತ್ಯದಿಂದ ಶುರುಮಾಡಿ.

ನಿಮ್ಮ ಬಾವುಟ

ಇಂಗ್ಲೆಂಡಿನ ಯೋಜನಾ ನಿಯಮಗಳ ಕಣ್ಣಿಗೆ ಬಾವುಟ ಒಂದು ಜಾಹೀರಾತು. 2007ರ ಜಾಹೀರಾತು ನಿಯಂತ್ರಣ ನಿಯಮಗಳು, ಅವುಗಳ 2012ರ ತಿದ್ದುಪಡಿ ಇದಕ್ಕೆ ಆಧಾರ. ಯಾವುದೇ ದೇಶದ ರಾಷ್ಟ್ರಧ್ವಜಕ್ಕೆ ಕೌನ್ಸಿಲ್ ಅನುಮತಿ ಬೇಡ. ಹಾಗಾಗಿ ತ್ರಿವರ್ಣಕ್ಕೂ ಬೇಡ, ಎದುರು ಮನೆಯ ಶಿಲುಬೆಗೂ ಬೇಡ. ಷರತ್ತುಗಳಿವೆ: ಬಾವುಟದ ವಿನ್ಯಾಸದ ಮೇಲೆ ಬೇರೆ ಬರಹ ಚಿತ್ರ ಇರಕೂಡದು, ಸುಸ್ಥಿತಿಯಲ್ಲಿರಬೇಕು, ರಸ್ತೆ ಸಂಕೇತಗಳನ್ನು ಮರೆಮಾಡಬಾರದು, ಬೀಳುವಂತಿರಬಾರದು, ಆ ಜಾಗದ ಮಾಲೀಕರ ಒಪ್ಪಿಗೆ ಇರಬೇಕು. ಕ್ರೀಡಾ ಕ್ಲಬ್ಬಿನ ಬಾವುಟಕ್ಕೆ ಇನ್ನಷ್ಟು ಮಿತಿಗಳಿವೆ, ಪ್ರಾಯೋಜಕರ ಲಾಂಛನ ಇರುವಂತಿಲ್ಲ.

ನಿಮಗೆ ತೊಡಕಾಗುವುದು ಕೊನೆಯ ಷರತ್ತು. ಬಾಡಿಗೆ ಕರಾರಿನಲ್ಲಿ ಗೋಡೆಗೆ ರಂಧ್ರ ಕೊರೆಯಬಾರದು, ಹೊರಗೆ ಏನೂ ತೂಗುಹಾಕಬಾರದು ಎಂಬ ಸಾಲು ಇದೆಯೇ ನೋಡಿ, ಬಹುತೇಕ ಇರುತ್ತದೆ. ಫ್ಲ್ಯಾಟ್ ಆದರೆ ಕಟ್ಟಡದ ಗುತ್ತಿಗೆ ಪತ್ರದಲ್ಲಿ ಬಾಲ್ಕನಿ, ಕಿಟಕಿಗಳ ಬಗ್ಗೆ ಪ್ರತ್ಯೇಕ ನಿಯಮ ಇರಬಹುದು. ಸಂರಕ್ಷಿತ ಪಟ್ಟಿಯಲ್ಲಿರುವ ಹಳೆಯ ಕಟ್ಟಡಕ್ಕೆ ಹಿಡಿಕೆ ಬಿಗಿಯಲು ಬೇರೆಯೇ ಅನುಮತಿ ಬೇಕಾಗಬಹುದು. ಮಾಲೀಕರಿಗೆ ಒಂದು ಇಮೇಲ್ ಬರೆದು ಲಿಖಿತ ಒಪ್ಪಿಗೆ ಪಡೆಯಿರಿ. ಸಿಗದಿದ್ದರೆ ಕಿಟಕಿಯ ಒಳಗಡೆ ಗಾಜಿಗೆ ತಾಗಿಸಿ ಹಾಕುವುದು ಸುಲಭ.

ಕನ್ನಡದ ಹಳದಿ ಕೆಂಪು ಬಾವುಟದ ಸ್ಥಿತಿ ಬೇರೆ. ವಿದೇಶದ ಆಡಳಿತ ಪ್ರಾಂತಗಳ ಬಾವುಟಗಳಿಗೂ ಇಲ್ಲಿ ವಿನಾಯಿತಿ ಇದೆ, ಆದರೆ ನಮ್ಮ ನಾಡಬಾವುಟಕ್ಕೆ ಅಧಿಕೃತ ಮಾನ್ಯತೆ ಇಲ್ಲದ್ದರಿಂದ ಆ ವಿನಾಯಿತಿಯಲ್ಲಿ ಸೇರುತ್ತದೆಯೇ ಎಂದು ಯಾರಾದರೂ ಪ್ರಶ್ನಿಸಬಹುದು. ರಾಜ್ಯೋತ್ಸವದ ಒಂದು ದಿನಕ್ಕೆ ಕಿಟಕಿಯೊಳಗೆ ಹಾಕಿದರೆ ಯಾರೂ ಕೇಳುವ ಸಂಭವ ಕಡಿಮೆ. ಕಂಬ ನೆಟ್ಟು ವರ್ಷವಿಡೀ ಹಾರಿಸುವುದಾದರೆ ಕೌನ್ಸಿಲ್‌ನ ಯೋಜನಾ ವಿಭಾಗಕ್ಕೆ ಮೊದಲು ಬರೆದು ಕೇಳಿ.

ಹೊರಗೆ ಹಾಕಲು ಒಪ್ಪಿಗೆ ಸಿಕ್ಕಿದರೆ ಮನೆಗೆ 150×90 ಸೆಂಟಿಮೀಟರ್ ಅಳತೆ ಸಾಕು. ತೆಳು ಪಾಲಿಯೆಸ್ಟರ್ ಇಂಗ್ಲೆಂಡಿನ ಚಳಿಗಾಲದ ಗಾಳಿಗೆ ಬೇಗ ಹರಿಯುತ್ತದೆ, ಚದರ ಮೀಟರಿಗೆ 155 ಗ್ರಾಂ ತೂಗುವ ನೇಯ್ದ ಪಾಲಿಯೆಸ್ಟರ್ ಕೊಳ್ಳಿ. ಮೊದಲು ಸವೆಯುವುದು ಹಾರುವ ತುದಿ, ಎಳೆ ಬಿಡುತ್ತಿದ್ದಂತೆ ಇಳಿಸಬೇಕು. ಹಿಡಿಕೆಯನ್ನು ಗಟ್ಟಿ ಇಟ್ಟಿಗೆಗೆ ಬಿಗಿಸಿ. ಹೊರಗೋಡೆಗೆ ಉಷ್ಣನಿರೋಧಕ ಪದರ ಹೊದಿಸಿದ್ದರೆ ಮೊಳೆ ಆ ಮೆತ್ತನೆಯ ಪದರದಲ್ಲೇ ನಿಂತು ಗಾಳಿಗೆ ಕಿತ್ತುಬರುತ್ತದೆ, ರಂಧ್ರದಿಂದ ನೀರು ಒಳಗಿಳಿಯುತ್ತದೆ. ಅಂಗಳದ ಕಂಬವಾದರೆ ರಾತ್ರಿ ಹಗ್ಗ ಲೋಹಕ್ಕೆ ಬಡಿಯುವ ಸದ್ದೇ ನೆರೆಹೊರೆಯ ಜಗಳದ ಸಾಮಾನ್ಯ ಕಾರಣ, ಹಗ್ಗ ಕೊಳವೆಯೊಳಗೆ ಹೋಗುವ ಕಂಬ ಕೇಳಿ ತರಿಸಿ.

ತ್ರಿವರ್ಣವನ್ನೂ ಸೇಂಟ್ ಜಾರ್ಜ್ ಬಾವುಟವನ್ನೂ ಜೊತೆಗೆ ಹಾಕುವ ಆಸೆ ಕೆಲವರಿಗಿರುತ್ತದೆ. ಒಂದೇ ಕಂಬಕ್ಕೆ ಮೇಲೆ ಕೆಳಗೆ ಕಟ್ಟಬೇಡಿ: ನಮ್ಮ 2002ರ ಧ್ವಜ ಸಂಹಿತೆ ಅದನ್ನು ಒಪ್ಪುವುದಿಲ್ಲ, ಇಲ್ಲಿನ ಪದ್ಧತಿಯಲ್ಲೂ ಒಂದು ದೇಶದ ಬಾವುಟದ ಕೆಳಗೆ ಇನ್ನೊಂದು ದೇಶದ್ದನ್ನು ಹಾರಿಸುವುದು ಅವಮಾನ. ಎರಡು ಹಿಡಿಕೆ, ಒಂದೇ ಎತ್ತರ, ಒಂದೇ ಅಳತೆ ಇರಲಿ. ಯೂನಿಯನ್ ಜಾಕ್ ಆದರೆ ಕಂಬದ ಪಕ್ಕದ ಮೇಲಿನ ಮೂಲೆಯಲ್ಲಿ ಓರೆಪಟ್ಟಿಯ ಅಗಲವಾದ ಬಿಳಿ ಭಾಗ ಕೆಂಪಿನ ಮೇಲೆ ಬರಬೇಕು. ಹುಟ್ಟಿ ಬೆಳೆದ ಇಂಗ್ಲಿಷರೂ ಇದನ್ನು ಎಷ್ಟೋ ಸಲ ತಲೆಕೆಳಗಾಗಿ ಕಟ್ಟುತ್ತಾರೆ. ಸೇಂಟ್ ಜಾರ್ಜ್ ಶಿಲುಬೆಗೆ ಆ ತೊಂದರೆ ಇಲ್ಲ, ಹೇಗೆ ತಿರುಗಿಸಿ ಕಟ್ಟಿದರೂ ಅದು ನೇರವೇ. ಹಿಡಿಕೆ ಬಿಗಿಯುವ ಮುನ್ನ ಒಳಗೆ ಪೈಪೋ ತಂತಿಯೋ ಹೋಗಿದೆಯೇ ಎಂದು ತಿಳಿಯಬೇಕಾಗುತ್ತದೆ. ಅದನ್ನು ಎದುರು ಮನೆಯವರನ್ನೇ ಕೇಳಿ, ಅವರ ಕಸುಬೇ ಅದು.